ಏಳನೇ ಟೇಕ್

ಅಬುಧಾಬಿ
7 ಸೆಪ್ಟೆಂಬರ್ 2025

ಜೋಸ್ವಿನ್ ಅಂಕಲ್,

ಹಾರ್ಡ್ ಡಿಸ್ಕ್ ತಲುಪಿತು. ಹಾಸ್ಟೆಲ್ ರಿಸೆಪ್ಶನ್‌ನವರು ನಿನಗೊಂದು ಕೊರಿಯರ್ ಇದೆ ಎಂದಾಗ ಫೀಸಿನ ನೋಟಿಸೇ ಇರಬೇಕು ಎಂದುಕೊಂಡೆ. ಯೂನಿವರ್ಸಿಟಿ ಸೇರಿ ಇನ್ನೂ ಎರಡು ವಾರ. ಸದ್ಯಕ್ಕೆ ಎಲ್ಲದಕ್ಕೂ ಹೆದರುತ್ತೇನೆ. ಲಿಫ್ಟಿನಲ್ಲಿ ಪ್ರೊಫೆಸರ್ ಇದ್ದರೆ ಮೆಟ್ಟಿಲು ಹತ್ತುತ್ತೇನೆ.

ನಿಮ್ಮ ಚೀಟಿಯನ್ನು ನಾಲ್ಕು ಸಲ ಓದಿದೆ. ಸರಿಯಾಗಿ ಅರ್ಥವಾಗಿದೆಯಾ ಎಂದು ಒಮ್ಮೆ ಬರೆದು ನೋಡುತ್ತೇನೆ, ತಪ್ಪಿದ್ದರೆ ಹೇಳಿ. ನೀವು ನನ್ನ ಅಮ್ಮ ಪ್ಯಾಟ್ರಿಶಿಯಾಳ ಬ್ಯಾಂಡಿನ ಗಿಟಾರಿಸ್ಟ್. ಬರ್ ದುಬೈಯ ಹೋಟೆಲಿನಲ್ಲಿ ಹನ್ನೊಂದು ವರ್ಷ ಒಟ್ಟಿಗೆ ಇದ್ದಿರಿ. 2016ರಲ್ಲಿ ಸ್ವಂತದ್ದೊಂದು ಕಂಟ್ರಿ ಆಲ್ಬಂ ರೆಕಾರ್ಡ್ ಮಾಡಿದಿರಿ. ಒಂಬತ್ತರಲ್ಲಿ ಎಂಟು ಹಾಡು ಮುಗಿದಿತ್ತು. ಆ ಆಗಸ್ಟಿನಲ್ಲಿ ಅಮ್ಮ ತೀರಿಹೋದಳು. ಈಗ ಡಿಸೆಂಬರಿಗೆ ನಿಮ್ಮ ವೀಸಾ ಮುಗಿಯುತ್ತದೆ, ಮಂಗಳೂರಿಗೆ ಹೊರಡುವ ಮೊದಲು ಆಲ್ಬಂ ಹೊರಗೆ ಬರಬೇಕು. ಆದರೆ ನಿಮ್ಮ ಕಿವಿ ಎರಡೂ ಹೋಗಿದೆ. ಒಂಬತ್ತನೇ ಹಾಡನ್ನು ಅಮ್ಮ ಆರು ಸಲ ಹಾಡಿದ್ದಾಳೆ, ಆರು ಟೇಕ್. ಯಾವುದನ್ನು ಇಡುವುದೆಂದು ನಾನು ಕೇಳಿ ಹೇಳಬೇಕು. ಫೋನ್ ಬೇಡ, ಇ-ಮೇಲಿನಲ್ಲಿ ಬರೆಯಬೇಕು.

ಮಾಡುತ್ತೇನೆ. ಕೊಂಕಣಿ ನನಗೆ ಬಾರದು, ಅಪ್ಪನಿಗೂ ಬಾರದ್ದರಿಂದ ಮನೆಯಲ್ಲಿ ಕನ್ನಡವೇ ಇತ್ತು. ನನ್ನ ಕನ್ನಡ ಮೂಡುಬಿದಿರೆ ಹಾಸ್ಟೆಲಿನದು, ಅರ್ಧ ಇಂಗ್ಲಿಷ್. ಸಹಿಸಿಕೊಳ್ಳಿ.

ಒಂದು ವಿಷಯ ಮುಚ್ಚಿಡುವುದಿಲ್ಲ. ನನಗೆ ಅಮ್ಮನ ದನಿ ನೆನಪಿಲ್ಲ. ಅಮ್ಮನಿಗೆ ರಾತ್ರಿ ಹೋಟೆಲು, ಅಪ್ಪನಿಗೆ ರುವೈಸಿನ ರಿಫೈನರಿಯಲ್ಲಿ ಶಿಫ್ಟು, ಆದ್ದರಿಂದ ಏಳು ವರ್ಷಕ್ಕೇ ನನ್ನನ್ನು ಹಾಸ್ಟೆಲಿಗೆ ಹಾಕಿದರು. ವಾರಕ್ಕೊಮ್ಮೆ ವಾರ್ಡನ್ ಫೋನಿನಲ್ಲಿ ಮೂರು ನಿಮಿಷ. ಊಟ ಆಯ್ತಾ ಎಂದು ಕೇಳುತ್ತಿದ್ದಳೆಂದು ಗೊತ್ತು, ಹೇಗೆ ಕೇಳುತ್ತಿದ್ದಳೆಂದು ಗೊತ್ತಿಲ್ಲ. ಒಂಬತ್ತನೇ ವರ್ಷದಲ್ಲಿ ಅದೇ ವಾರ್ಡನ್ ಕರೆದು, ನಿನ್ನ ಅಮ್ಮ ನಿದ್ದೆಯಲ್ಲೇ ಹೋದರಂತೆ ಮಗಾ ಎಂದರು. ಅವಳಿಗೆ ನಾನು ಬೇಕಾಗಿದ್ದೆನಾ, ಅಥವಾ ದೂರ ಇದ್ದದ್ದೇ ಅನುಕೂಲವಾಗಿತ್ತಾ? ಯಾರನ್ನೂ ಕೇಳಿಲ್ಲ. ಹಾಡಿನಲ್ಲಿ ಗೊತ್ತಾಗುತ್ತದೇನೋ.

ಅಪ್ಪನಿಗೆ ಹೇಳಿಲ್ಲ. ಅವರು ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಮನೆಯಲ್ಲಿ ಅಮ್ಮನ ಹೆಸರೆತ್ತುವುದಿಲ್ಲ.

ಅಪೇಕ್ಷಾ


ಇಂಟರ್‌ನ್ಯಾಷನಲ್ ಸಿಟಿ, ದುಬೈ
10 ಸೆಪ್ಟೆಂಬರ್

ಪ್ರಿಯ ಅಪೇಕ್ಷಾ,

ನಿನ್ನ ಕನ್ನಡಕ್ಕೆ ಎಂತ ಆಗಿದೆ ಮಾರಾಯ್ತಿ? ನನ್ನದಕ್ಕಿಂತ ಲಾಯಕ್ ಉಂಟು. ನಾನು ಬಜ್ಪೆಯ ಕನ್ನಡ ಶಾಲೆಯಲ್ಲಿ ಎಂಟನೇ ಕ್ಲಾಸಿನವರೆಗೆ ಕಲಿತವನು. ಆಮೇಲೆ ಕಲಿತದ್ದೆಲ್ಲ ಗಿಟಾರು.

ಹಾಡು ಕೇಳುವ ಮೊದಲು ಸ್ವಲ್ಪ ತಿಳಿದುಕೊ. ಕಂಟ್ರಿ, ಅಂದರೆ ಅಮೆರಿಕದ ಹಳ್ಳಿಗರ ಹಾಡು, ನಮ್ಮ ಕಡೆಯ ಕ್ರಿಶ್ಚಿಯನರಿಗೆ ಹೊರಗಿನದ್ದಲ್ಲ. ನಮ್ಮ ಮದುವೆ ಹಾಲ್‌ಗಳಲ್ಲಿ ಮೊದಲಿಂದಲೂ ಅದೇ. ಆದರೆ ಈ ಆಲ್ಬಂ ಬರೀ ಕಂಟ್ರಿ ಅಲ್ಲ. ಕತೆ ಕಂಟ್ರಿಯದ್ದು. ಗಿಟಾರು ಅಮೆರಿಕದ ದಕ್ಷಿಣದವರ ರಾಕ್ ಹಾಗೆ, ಗಾಜಿನ ಕೊಳವೆ ತಂತಿಯ ಮೇಲೆ ಜಾರಿಸಿ ನುಡಿಸಿದ್ದು. ದನಿ ಸೋಲ್, ಅಂದರೆ ಅಲ್ಲಿನ ಕರಿಯರು ಇಗರ್ಜಿಯಲ್ಲಿ ಹಾಡಿ ಹಾಡಿ ಹುಟ್ಟಿಸಿದ್ದು. ಅದನ್ನು ನಿನ್ನ ಅಮ್ಮನಿಗೆ ಯಾರೂ ಕಲಿಸಲಿಲ್ಲ. ಕಿನ್ನಿಗೋಳಿಯ ಇಗರ್ಜಿಯ ಕೊಯರ್‌ನಲ್ಲಿ ಹೆಂಗಸರ ಕೆಳದನಿ, ಆಲ್ಟೋ, ಹಾಡಿದವಳು, ಬಾಯಿ ತೆರೆದರೆ ಅದೇ ಬರುತ್ತಿತ್ತು.

ಒಂಬತ್ತನೇ ಹಾಡು ಸಿಲಾಕ್ಕೆ ಹೋಗುವ ಹೈವೇಯದ್ದು. ಗಂಡ ಟ್ರೈಲರ್ ಓಡಿಸಿಕೊಂಡು ಸೌದಿ ಗಡಿಗೆ ಹೋಗುತ್ತಾನೆ, ಹೆಂಡತಿ ಮನೆಯಲ್ಲಿ ಕೂತು ಅವನು ದಾಟುವ ಎಕ್ಸಿಟ್, ಅಂದರೆ ಹೈವೇಯಿಂದ ಹೊರಗೆ ತಿರುಗುವ ದಾರಿ, ಒಂದೊಂದನ್ನೇ ಲೆಕ್ಕ ಹಾಕುತ್ತಾಳೆ. ಇಷ್ಟೇ ಕತೆ.

ರೆಕಾರ್ಡ್ ಮಾಡಿದ್ದು ಇಲ್ಲೇ ದುಬೈಯ ಸತ್ವಾ ಏರಿಯಾದ ಹಳೇ ಬಿಲ್ಡಿಂಗಿನಲ್ಲಿ, ಅಲಿಕುಂಞಿಯ ಫ್ಲಾಟಿನ ಹಾಲ್‌ನಲ್ಲಿ. ಗೋಡೆಗೆಲ್ಲ ಕಂಬಳಿ. ಅಲಿಕುಂಞಿ ಮಂಜೇಶ್ವರದವನು, ನಮ್ಮ ಸೌಂಡ್ ಎಂಜಿನಿಯರ್. ಅವನಿಗೆ ಕೊಂಕಣಿ ಬಾರದು, ಹಾಗಾಗಿ ಆ ಕೋಣೆಯಲ್ಲಿ ಮಾತೆಲ್ಲ ಕನ್ನಡ. ಹಾಡಿನ ನಡುವೆ ನಮ್ಮ ಜಗಳ ಕೇಳಿದರೆ ನಗು.

ನನ್ನ ಕಿವಿಯ ವಿಷಯ ಹೇಳುವುದಾದರೆ, ಪೂರ್ತಿ ಮೌನವೂ ಅಲ್ಲ. ಒಂದು ಮೋಟಾರು ಓಡಿದ ಹಾಗೆ ಯಾವಾಗಲೂ. ಮದ್ದಿಲ್ಲ ಎನ್ನುತ್ತಾರೆ.

ನಿಧಾನ ಕೇಳು.

ಜೋಸ್ವಿನ್


ಅಬುಧಾಬಿ
21 ಸೆಪ್ಟೆಂಬರ್

ಜೋಸ್ವಿನ್ ಅಂಕಲ್,

ಮೊದಲ ಮೂರು ದಿನ ಫೈಲ್ ತೆರೆಯಲಿಲ್ಲ. ಫೋಲ್ಡರ್ ತೆರೆದು, ಹೆಸರು ನೋಡಿ, ಮುಚ್ಚಿದೆ. ನಾಲ್ಕನೇ ದಿನ ಕ್ಲಾಸ್ ಬಿಟ್ಟು ಕೂತೆ. ಕಣ್ಣು ಮುಚ್ಚಿ ಒಂದು ಫೈಲಿನ ಮೇಲೆ ಒತ್ತಿದೆ, ಅದು ಐದನೇ ಟೇಕ್.

ಅಂಕಲ್, ಅಮ್ಮನ ದನಿ ನನಗಿಂತ ದಪ್ಪ. ಯಾಕೋ ಸಣ್ಣ ದನಿಯೆಂದೇ ತಿಳಿದಿದ್ದೆ. ಒಂದು ಮಾತು ಮುಗಿಸುವಾಗ ಕೊನೆಯಲ್ಲಿ ಸ್ವಲ್ಪ ಎಳೆಯುತ್ತಾಳೆ. ನಾನೂ ಹಾಗೇ ಎಳೆಯುತ್ತೇನೆ. ಮೈಸೂರಿನವಳಾದ ನನ್ನ ರೂಮ್‌ಮೇಟ್ ಸ್ಪಂದನಾ ಅದನ್ನೇ ಹಿಡಿದು ಅಣಕಿಸುತ್ತಾಳೆ. ಇದು ನಮ್ಮೂರಿನ ಮಾತಿನ ರೀತಿ ಎಂದುಕೊಂಡಿದ್ದೆ. ಅಮ್ಮನದ್ದಂತೆ.

ಆಮೇಲೆ ನಿಲ್ಲಿಸಲು ಆಗಲಿಲ್ಲ. ಬೇರೆ ವಾದ್ಯ ಎಲ್ಲ ಮ್ಯೂಟ್ ಮಾಡಿ ಅವಳ ಮೈಕ್ ಒಂದನ್ನೇ ಕೇಳುತ್ತೇನೆ. ಉಸಿರು ತೆಗೆದುಕೊಳ್ಳುವುದು ಕೇಳುತ್ತದೆ. ಉಗುಳು ನುಂಗಿದ್ದು ಕೇಳುತ್ತದೆ. ಮಧ್ಯಾಹ್ನ ಮೆಸ್ಸಿನಲ್ಲಿ ಅನ್ನ ಕಲಸುವಾಗ ನನ್ನ ಬೆನ್ನ ಹಿಂದೆ ಯಾರೋ ಅದೇ ಉಸಿರು ತೆಗೆದುಕೊಂಡರು. ತಿರುಗಿ ನೋಡಿದರೆ ನೀರಿನ ಮಶೀನ್. ಹೆದರಿಕೆ ಆಗಲಿಲ್ಲ. ತಿರುಗಿ ನೋಡಬಾರದಿತ್ತು ಎನ್ನಿಸಿತು.

ನಮ್ಮ ರೂಮಿನ ಎ.ಸಿ. ಸದ್ದಿನಲ್ಲಿ ಸಣ್ಣದು ಎಲ್ಲ ಮುಳುಗುತ್ತದೆ. ಹಾಗಾಗಿ ಆಫ್ ಮಾಡಿ, ಕಿಟಕಿ ಮುಚ್ಚಿ, ಕೇಳುತ್ತೇನೆ. ಹೊರಗೆ ನಲವತ್ತೊಂದು ಡಿಗ್ರಿ. ನಿನ್ನೆ ಸ್ಪಂದನಾ ಬಾಗಿಲು ತೆಗೆದವಳೇ, “ಏನೇ ಇದು, ಇಡ್ಲಿ ಪಾತ್ರೆ ಒಳಗೆ ಕೂತಿದೀಯಾ?” ಎಂದಳು. ನಾನು ಬೆವರಿ ಹೋಗಿದ್ದೆ. ಆದರೆ ಆ ಮೌನದಲ್ಲಿ ಅಮ್ಮ ನಿಜಕ್ಕೂ ಕೋಣೆಯೊಳಗೆ ಇರುತ್ತಾಳೆ.

ಈಗ ಮುಖ್ಯ ವಿಷಯ. ನಾಲ್ಕು, ಐದು, ಆರರಲ್ಲಿ ಅಮ್ಮ ಅಳುತ್ತಿದ್ದಾಳೆ. ಹಾಡಿಗೆ ಬೇಕೆಂದು ಅತ್ತದ್ದಲ್ಲ. ದನಿ ನಡುಗುತ್ತದೆ, ಮಾತಿನ ನಡುವೆ ಉಸಿರು ಕಡಿಯುತ್ತದೆ, ಮೂಗು ಎಳೆಯುತ್ತಾಳೆ. ಗಂಡನಿಗಾಗಿ ಕಾಯುವ ಹಾಡಿಗೆ ಅಷ್ಟು ಅಳು ಯಾಕೆ? ನನ್ನನ್ನು ನೆನೆಸಿಕೊಂಡಿದ್ದಳಾ? ನಿಮಗೆ ಗೊತ್ತಿರಬೇಕು, ನೀವು ಎದುರಿಗೇ ಇದ್ದಿರಿ.

ಇನ್ನೊಂದು. ಆರು ಎಂದಿದ್ದಿರಿ. ಫೋಲ್ಡರಿನಲ್ಲಿ ಏಳು ಇದೆ.

ಅಪೇಕ್ಷಾ


ದುಬೈ
21 ಸೆಪ್ಟೆಂಬರ್, ಸಂಜೆ

ಅಪೇಕ್ಷಾ,

ಎ.ಸಿ. ಆಫ್ ಮಾಡಬೇಡ. ಇವತ್ತಿನಿಂದಲೇ. ಹಾಡು ಅಷ್ಟು ಮುಖ್ಯ ಅಲ್ಲ. ಆ ಮೈಸೂರಿನ ಹುಡುಗಿ ಹೇಳಿದ ಹಾಗೆ ಕೇಳು. ನೀರು ಕುಡಿ.

ಹೌದು, ನಿನ್ನನ್ನೇ ನೆನೆಸಿಕೊಂಡಿದ್ದಳು. ಬೇರೆ ಯಾರನ್ನು ನೆನೆಸುತ್ತಾಳೆ?

ಏಳನೆಯದು ಹಾಳಾದ ಫೈಲ್. ಹಾಡಿಲ್ಲ ಅದರಲ್ಲಿ. ಅಳಿಸಿಬಿಡು.

ಜೋಸ್ವಿನ್


ಅಬುಧಾಬಿ
28 ಸೆಪ್ಟೆಂಬರ್

ಜೋಸ್ವಿನ್ ಅಂಕಲ್,

ಅಮ್ಮ ನನ್ನನ್ನೇ ನೆನೆಸಿಕೊಂಡಿದ್ದಳೆಂದು ನೀವು ಬರೆದ ಆ ಒಂದು ಸಾಲನ್ನು ಫೋನಿನ ಸ್ಕ್ರೀನಿಗೆ ಹಾಕಿಕೊಂಡಿದ್ದೇನೆ. ನಿಮಗದು ಸಣ್ಣ ವಿಷಯ ಇರಬಹುದು. ನಾನು ಒಂಬತ್ತು ವರ್ಷದಿಂದ ಕಾಯುತ್ತಿದ್ದ ಉತ್ತರ. ಈ ವಾರ ಲಿಫ್ಟಿನಲ್ಲಿ ಪ್ರೊಫೆಸರ್ ಜೊತೆಗೇ ಹೋದೆ. ಅವರು ನನ್ನ ಹೆಸರು ಕೇಳಿದರು, ಹೇಳಿದೆ, ಸಾಯಲಿಲ್ಲ.

ಎ.ಸಿ. ವಿಷಯದಲ್ಲಿ ನೀವೂ ಎಲ್ಲ ದೊಡ್ಡವರ ಹಾಗೆಯೇ. ಆಯಿತು, ಆಫ್ ಮಾಡುವುದಿಲ್ಲ.

ಆರನೇ ಟೇಕ್ ಇಡೋಣ. ಅಮ್ಮ ಅತಿ ಹೆಚ್ಚು ಅತ್ತದ್ದು ಅದರಲ್ಲಿ. ಕೊನೆಯ ಎಕ್ಸಿಟ್ ಎನ್ನುವಾಗ ದನಿ ಒಡೆದೇ ಹೋಗುತ್ತದೆ. ಕೇಳಿದವರಿಗೆ ಗೊತ್ತಾಗಬೇಕು, ಈ ಹೆಂಗಸು ಯಾರನ್ನೋ ತುಂಬಾ ಪ್ರೀತಿಸಿದ್ದಳೆಂದು.

ಏಳನೆಯದನ್ನು ಅಳಿಸಿಲ್ಲ. ಹಾಳಾದದ್ದಾದರೂ ಅವಳದೇ ಅಲ್ಲವಾ? ಕೈ ಬರಲಿಲ್ಲ.

ಒಂದು ಶನಿವಾರ ಬಸ್ಸಿನಲ್ಲಿ ನಿಮ್ಮಲ್ಲಿಗೆ ಬರಲಾ? ಎರಡು ಗಂಟೆಯ ದಾರಿ.

ಅಪೇಕ್ಷಾ


ದುಬೈ
3 ಅಕ್ಟೋಬರ್

ಪ್ರಿಯ ಅಪೇಕ್ಷಾ,

ಆರನೆಯದೇ ಆಗಲಿ. ಕರಾಮಾದ ಸ್ಟುಡಿಯೋದವರಿಗೆ ಹೇಳಿದ್ದೇನೆ, ಕ್ರಿಸ್ಮಸ್‌ಗೆ ಮೊದಲು ಹೊರಗೆ ಬರುತ್ತದೆ. ಆಲ್ಬಮ್ಮಿಗೆ ‘ಸಿಲಾಕ್ಕೆ ಮೊದಲು’ ಎಂದೇ ಹೆಸರು, ಅವಳೇ ಇಟ್ಟದ್ದು.

ಬರುವುದು ಈಗ ಬೇಡ. ಮನೆಯಲ್ಲಿ ಪ್ಯಾಕಿಂಗ್, ಕೂತುಕೊಳ್ಳಲಿಕ್ಕೆ ಕುರ್ಚಿಯೂ ಇಲ್ಲ. ಕಿವುಡನ ಎದುರು ಕೂತು ನೀನು ಎಂತ ಮಾಡುತ್ತೀ? ಮಿಡ್‌ಟರ್ಮ್ ಉಂಟಲ್ಲ, ಓದಿಕೊ. ಆ ಫೈಲ್ ಅಳಿಸು.

ಜೋಸ್ವಿನ್


ದುಬೈ
19 ಅಕ್ಟೋಬರ್

ಅಪೇಕ್ಷಾ,

ಎರಡು ವಾರ ಆಯಿತು, ನಿನ್ನ ಕಾಗದ ಇಲ್ಲ. ಪರೀಕ್ಷೆ ಇರಬೇಕು ಎಂದುಕೊಂಡಿದ್ದೇನೆ. ಹಾಡಿನ ಮಿಕ್ಸ್ ತಯಾರಾಗಿದೆ, ಕಳಿಸಲಾ? ಒಂದು ಸಾಲು ಬರೆದರೆ ಸಾಕು.

ಜೋಸ್ವಿನ್


ದುಬೈ
2 ನವೆಂಬರ್

ಅಪೇಕ್ಷಾ,

ನೀನು ಅದನ್ನು ಕೇಳಿದ್ದೀಯಾ?

ಜೋಸ್ವಿನ್


ಅಬುಧಾಬಿ
14 ನವೆಂಬರ್

ಜೋಸ್ವಿನ್ ಅವರಿಗೆ,

ಅಕ್ಟೋಬರ್ ಆರಕ್ಕೆ ಕೇಳಿದೆ. ಬೆಳಿಗ್ಗೆ ಹನ್ನೊಂದು ಗಂಟೆ, ಲೈಬ್ರರಿಯಲ್ಲಿ, ಸುತ್ತ ನಲವತ್ತು ಜನ ಇದ್ದರು. ನೀವು ಎರಡನೇ ಸಲ ಅಳಿಸು ಎಂದಿರಿ. ಹಾಡಿಲ್ಲದ ಫೈಲನ್ನು ಒಬ್ಬರು ಎರಡೆರಡು ಸಲ ಅಳಿಸಲು ಯಾಕೆ ಹೇಳುತ್ತಾರೆ?

ಅದರಲ್ಲಿ ಏನಿದೆ ಎಂದು ಬರೆಯುತ್ತೇನೆ. ನಿಮಗೆ ಕೇಳಿಸಲಾರದು, ಓದಿ.

ಮೊದಲು ಅಮ್ಮನ ಮಾತು. “ಜೋಸ್ವಿನ್, ಒಂದು ಹತ್ತು ನಿಮಿಷ ಎ.ಸಿ. ಹಾಕಿ ಮಾರಾಯ್ರೆ. ಕಣ್ಣು ಕತ್ತಲೆ ಬರ್ತದೆ ನಂಗೆ.”

ಆಮೇಲೆ ನೀವು. “ಈಗ ಹಾಕಿದ್ರೆ ಗಿಟಾರಿನ ಶ್ರುತಿ ಎಲ್ಲ ಹೋಗ್ತದೆ. ಇನ್ನು ಒಂದೇ ಒಂದು. ಮತ್ತೆ ಖಲಾಸ್.”

ದೂರದಿಂದ ಇನ್ನೊಬ್ಬರು, ಅಲಿಕುಂಞಿ ಇರಬೇಕು, ಅವರಿಗೆ ನೀರಾದರೂ ಕೊಡಿ ಎನ್ನುತ್ತಾರೆ. ಅಮ್ಮ ನಗುತ್ತಾಳೆ. ಹಾಡುತ್ತಾಳೆ. ಪೂರ್ತಿ ಹಾಡು. ಏಳರಲ್ಲಿ ಅದೇ ಅತಿ ಚೆನ್ನಾಗಿರುವುದು, ಅದು ನಿಮಗೂ ಗೊತ್ತಿರಬೇಕು. ಕೊನೆಯ ಸ್ವರ ಹಿಡಿದು ನಿಲ್ಲಿಸಿದವಳು ಬಿಡುವುದೇ ಇಲ್ಲ. ಆಮೇಲೆ ಮೈಕಿನ ಸ್ಟ್ಯಾಂಡ್ ಬಿದ್ದ ಸದ್ದು. ಕುರ್ಚಿ. ಅಲಿಕುಂಞಿ ಅವಳ ಹೆಸರು ಕೂಗುತ್ತಾರೆ. ಟಕ್ ಎಂದು ಒಂದು ಸದ್ದು, ಹಿಂದೆಯೇ ಎ.ಸಿ. ಮೋಟಾರು ಹೊರಳಿ ಏಳುತ್ತದೆ. ಬಾಗಿಲು. ರೆಕಾರ್ಡಿಂಗ್ ನಿಲ್ಲಿಸಲು ಯಾರಿಗೂ ನೆನಪಾಗಿಲ್ಲ. ನಾಲ್ಕು ನಿಮಿಷ ಹನ್ನೆರಡು ಸೆಕೆಂಡ್, ಖಾಲಿ ಕೋಣೆಯಲ್ಲಿ ಎ.ಸಿ. ಓಡುತ್ತದೆ. ಆ ನಾಲ್ಕು ನಿಮಿಷವನ್ನು ನಾನು ಎಷ್ಟು ಸಲ ಕೇಳಿದ್ದೇನೆಂದು ಹೇಳುವುದಿಲ್ಲ. ಅವಳು ವಾಪಸು ಬರುತ್ತಾಳೇನೋ ಎಂದು ಕೇಳುತ್ತೇನೆ.

ಮತ್ತೆ ಒಂದರಿಂದ ಏಳರವರೆಗೆ ವರಸೆಯಾಗಿ ಕೇಳಿದೆ. ಮೊದಲೇ ಹಾಗೆ ಮಾಡಬೇಕಿತ್ತು. ಒಂದು, ಎರಡರಲ್ಲಿ ನಡುಕವೇ ಇಲ್ಲ. ಮೂರರಲ್ಲಿ ಶುರು. ನಾಲ್ಕು, ಐದು, ಆರು, ಮೆಟ್ಟಿಲು ಹತ್ತಿದ ಹಾಗೆ ಏರುತ್ತದೆ. ಅಳು ಹಾಗೆ ಏರುವುದಿಲ್ಲ. ಅದು ಅಳು ಅಲ್ಲ. ಅವಳಿಗೆ ಉಸಿರು ಸಿಗುತ್ತಿರಲಿಲ್ಲ. ಅದನ್ನು ನಾನು ಪ್ರೀತಿ ಎಂದುಕೊಂಡು ಆಲ್ಬಮ್ಮಿಗೆ ಆರಿಸಿದೆ. ನೀವು ಆಗಲಿ ಎಂದಿರಿ.

ಅವಳು ನಿದ್ದೆಯಲ್ಲಿ ಸಾಯಲಿಲ್ಲ.

ಮಿಡ್‌ಟರ್ಮಿನಲ್ಲಿ ಎರಡು ಪೇಪರಿಗೆ ಹೋಗಲಿಲ್ಲ. ಯಾರಿಗೂ ಹೇಳಿಲ್ಲ. ಸ್ಪಂದನಾ ದುಬೈಯ ಜೆ.ಎಲ್.ಟಿ.ಯಲ್ಲಿರುವ ತನ್ನ ಮನೆಗೆ ಕರೆದುಕೊಂಡು ಹೋಗಿ ನಾಲ್ಕು ದಿನ ಇಟ್ಟುಕೊಂಡಳು. ಅವರ ಮನೆಯ ಎ.ಸಿ. ಓಡುತ್ತಿರುವಷ್ಟು ಹೊತ್ತೂ ನನಗೆ ಕಣ್ಣು ಮುಚ್ಚಲಾಗಲಿಲ್ಲ.

ಎರಡು ಪ್ರಶ್ನೆ. ಎ.ಸಿ. ಹಾಕಿದ್ದು ಯಾರು? ಆ ದಿನ ಅವಳು ನನ್ನ ಬಗ್ಗೆ ನಿಜಕ್ಕೂ ಏನಾದರೂ ಹೇಳಿದಳಾ?

ಅಪೇಕ್ಷಾ ಮೋಹನದಾಸ್


ದುಬೈ
17 ನವೆಂಬರ್

ಅಪೇಕ್ಷಾ,

ಆ ಕಿಟಕಿ ಎ.ಸಿ. ಲಾರಿಯ ಹಾಗೆ ಸದ್ದು ಮಾಡುತ್ತಿತ್ತು. ಮೈಕಿಗೆಲ್ಲ ಅದೇ. ನಮ್ಮಂಥ ಹೋಟೆಲ್ ಬ್ಯಾಂಡಿನವರಿಗೆ ಸ್ಟುಡಿಯೋ ಎಲ್ಲಿಂದ? ಇಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದದ್ದು. ಎ.ಸಿ. ಆಫ್, ಒಂದು ಟೇಕ್, ಮತ್ತೆ ಆನ್, ಹತ್ತು ನಿಮಿಷ ತಣ್ಣಗಾಗುವುದು, ಮತ್ತೆ ಆಫ್. ಎಂಟು ಹಾಡು ಹಾಗೇ ಮಾಡಿದೆವು. ಒಂಬತ್ತನೆಯದಕ್ಕೆ ನಾನು ನಡುವೆ ಹಾಕಲು ಬಿಡಲಿಲ್ಲ. ತಣ್ಣಗಾದರೆ ತಂತಿ ಬಿಗಿಯುತ್ತದೆ, ಬಿಸಿಯಾದರೆ ಸಡಿಲ. ಪ್ರತಿ ಸಲ ಶ್ರುತಿ ಮಾಡಿ ನನಗೆ ಸಾಕಾಗಿತ್ತು. ಅಷ್ಟಕ್ಕೇ. ಅದು 19 ಆಗಸ್ಟ್, ಶುಕ್ರವಾರ, ಮಧ್ಯಾಹ್ನ ಎರಡೂವರೆ.

ಅವಳ ಹೃದಯದ ವಾಲ್ವ್ ದುರ್ಬಲ ಎಂದು ಆಮೇಲೆ ಡಾಕ್ಟರು ಹೇಳಿದರು. ನಮಗೆ ಗೊತ್ತಿರಲಿಲ್ಲ. ಆದರೆ ಅವಳು ಕೇಳಿದ್ದಳು. ಗೊತ್ತಿರಬೇಕಾದ್ದು ಅಷ್ಟೇ ಅಲ್ಲವಾ?

ಎ.ಸಿ. ಹಾಕಿದ್ದು ನಾನು. ಅವಳು ನೆಲದಲ್ಲಿದ್ದಳು. ಅಲಿಕುಂಞಿ ಅವಳ ಕಡೆ ಓಡಿದ. ನಾನು ಕಿಟಕಿಯ ಕಡೆ ಓಡಿದೆ. ಅವಳಿಗೆ ತಂಪಾಗಲಿ ಎಂದು ಹಾಕಿದೆ ಅಂತ ಒಂಬತ್ತು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಹಾಗಲ್ಲ. ಯಾರಾದರೂ ಬಂದು ನೋಡಿದರೆ ಎ.ಸಿ. ಓಡುತ್ತಾ ಇರಬೇಕು ಎಂದು ಹಾಕಿದ್ದು. ಆಸ್ಪತ್ರೆಯವರಿಗೂ ನಿನ್ನ ಅಪ್ಪನಿಗೂ, ಫ್ಲಾಟಿನಿಂದ ಇಳಿದು ಕಾರಿನ ಹತ್ತಿರ ಬಿದ್ದಳು ಎಂದೆ. ಅಲಿಕುಂಞಿ ಎದುರು ಮಾತಾಡಲಿಲ್ಲ, ಆದರೆ ಆಮೇಲೆ ನನ್ನ ಹತ್ತಿರ ಮಾತಾಡಲೂ ಇಲ್ಲ. ಹಾರ್ಡ್ ಡಿಸ್ಕ್ ಈ ವರ್ಷ ಊರಿನಿಂದ ಕಳಿಸಿಕೊಟ್ಟ. ಚೀಟಿ ಇಲ್ಲ, ಎಂತ ಇಲ್ಲ. ಏಳೂ ಫೈಲ್ ಇದ್ದವು. ನಿನಗೆ ಕಳಿಸುವ ಮೊದಲು ಒಂದನ್ನು ಅಳಿಸಬಹುದಿತ್ತು. ಬೆರಳು ಇಟ್ಟೆ, ಒತ್ತಲಿಲ್ಲ.

ಎರಡನೇ ಪ್ರಶ್ನೆ. ಇಲ್ಲ. ಆ ದಿನ ಅವಳು ನಿನ್ನ ಬಗ್ಗೆ ಎಂತದೂ ಹೇಳಲಿಲ್ಲ. ಹಾಡಿನ ಮಾತು, ಅಲಿಕುಂಞಿಯ ಬಿರಿಯಾನಿಗೆ ಉಪ್ಪು ಕಡಿಮೆ ಎಂಬ ಮಾತು, ಅಷ್ಟೇ. ಅವಳ ಮನಸ್ಸಿನಲ್ಲಿ ಎಂತ ಇತ್ತೆಂದು ನನಗೆ ಗೊತ್ತಿಲ್ಲ. ನಿನಗೆ ಬೇಕಾದ್ದನ್ನು ಬರೆದೆ, ನನ್ನದು ಮುಚ್ಚಿಹೋಗಲಿ ಎಂದು.

ಆಲ್ಬಂ ಬೇಡವೆಂದರೆ ಬೇಡ. ನಿನ್ನ ಮಾತೇ ಕೊನೆ.

ಜೋಸ್ವಿನ್


ಮೊಹಮ್ಮದ್ ಬಿನ್ ಜಾಯೆದ್ ಸಿಟಿ
30 ನವೆಂಬರ್

ಜೋಸ್ವಿನ್ ಅಂಕಲ್,

ಇದನ್ನು ಅಪ್ಪನ ಮನೆಯಿಂದ ಬರೆಯುತ್ತಿದ್ದೇನೆ.

ನಿಮ್ಮ ಕಾಗದ ಓದಿ ಸಿಟ್ಟು ಬರುತ್ತದೆಂದು ಕಾದೆ. ಬಂತು, ಆದರೆ ನಾನು ಎಣಿಸಿದ ಸಾಲಿನ ಮೇಲೆ ಬರಲಿಲ್ಲ. ಅವಳು ಏನೂ ಹೇಳಲಿಲ್ಲ ಎಂದು ಬರೆದಿರಲ್ಲ, ಆ ಸಾಲಿನ ಮೇಲೆ ಸಿಟ್ಟು ಬರಲಿಲ್ಲ. ನಿಮ್ಮ ಕಾಗದಗಳಲ್ಲಿ ನಾನು ಪೂರ್ತಿ ನಂಬಿದ್ದು ಅದೊಂದನ್ನೇ. ಬಿರಿಯಾನಿಗೆ ಉಪ್ಪು ಕಡಿಮೆ ಎಂದವಳು ನನ್ನ ಅಮ್ಮನೇ ಇರಬೇಕು. ಅಳುತ್ತಾ ಹಾಡಿದವಳನ್ನು ನಾನೇ ಕಲ್ಪಿಸಿಕೊಂಡಿದ್ದೆ.

ನಿನ್ನೆ ಅಪ್ಪನಿಗೆ ಹೇಳಿದೆ. ಮನೆಯೊಳಗೆ ಬಾಯಿ ಬರಲಿಲ್ಲ. ತರಕಾರಿ ತರಲು ಹೋದಾಗ ಪಾರ್ಕಿಂಗಿನಲ್ಲಿ, ಕಾರಿನೊಳಗೆ, ಏಳನೇ ಟೇಕ್ ಹಾಕಿದೆ. ಅವರು ಸ್ಟೀರಿಂಗ್ ಹಿಡಿದುಕೊಂಡು ಕೇಳಿದರು, ಗಾಡಿ ಓಡಿಸುತ್ತಿದ್ದವರ ಹಾಗೆ, ಎದುರಿಗೆ ನೋಡುತ್ತಾ. ಖಾಲಿ ಕೋಣೆಯ ನಾಲ್ಕು ನಿಮಿಷವೂ ಕೇಳಿದರು. ಆಮೇಲೆ ಹೇಳಿದ್ದು ಇಷ್ಟು: “ಆಸ್ಪತ್ರೆಯಲ್ಲಿ ಬಟ್ಟೆ ಒಂದು ಕವರ್‌ನಲ್ಲಿ ಹಾಕಿ ಕೊಟ್ಟಿದ್ರು. ಹಿಂಡಿದ್ರೆ ನೀರು ಇಳೀತಿತ್ತು. ಫ್ಲಾಟಿಂದ ಕಾರಿನವರೆಗೆ ನಡೆದವಳ ಬಟ್ಟೆ ಹಾಗೆ ಆಗುದಿಲ್ಲ.”

ಹಾಗಾದರೆ ಆಗಲೇ ಜೋಸ್ವಿನ್ ಅಂಕಲ್‌ನ್ನು ಯಾಕೆ ಕೇಳಲಿಲ್ಲ ಎಂದೆ.

“ಕೇಳಿದ್ರೆ ಉತ್ತರ ಬರ್ತಿತ್ತಲ್ಲ,” ಎಂದರು.

ನಿದ್ದೆಯಲ್ಲಿ ಹೋದಳೆಂದು ವಾರ್ಡನ್‌ಗೆ ಹೇಳಲು ಹೇಳಿದ್ದು ಅಪ್ಪನೇ. ಒಂಬತ್ತು ವರ್ಷದ ಮಗುವಿಗೆ ಹೇಳಬಹುದಾದದ್ದು ಅದೇ ಎನಿಸಿತಂತೆ. ನೀವಿಬ್ಬರೂ ಒಂದೇ ಸುಳ್ಳನ್ನು ಎರಡು ಕಡೆಯಿಂದ ಹಿಡಿದುಕೊಂಡಿದ್ದಿರಿ. ತರಕಾರಿ ತರಲಿಲ್ಲ. ಮನೆಗೆ ಬಂದು ಅಪ್ಪ ಗಂಜಿ ಮಾಡಿದರು.

ಈಗ ಆಲ್ಬಂ. ಅದು ಬರಲಿ. ಎಂಟು ಹಾಡನ್ನೂ ಕೇಳಿದೆ, ಅದು ಅವಳ ಹನ್ನೊಂದು ವರ್ಷದ ಕೆಲಸ, ನಿಮ್ಮ ತಪ್ಪಿಗೆ ಅದನ್ನು ಹೂಳುವುದಿಲ್ಲ. ಆದರೆ ಒಂಬತ್ತನೆಯದಕ್ಕೆ ಆರು ಬೇಡ. ಏಳು ಖಂಡಿತ ಬೇಡ, ಅದು ಎಷ್ಟೇ ಚೆನ್ನಾಗಿದ್ದರೂ. ಎರಡನೆಯದನ್ನು ಹಾಕಿ. ಅದರಲ್ಲಿ ನಡುವಿನ ಚರಣದಲ್ಲಿ ಮಾತು ಮರೆತು ಲಾ ಲಾ ಎಂದು ತೇಲಿಸಿದ್ದಾಳೆ, ಒಂದು ಕಡೆ ತಾಳಕ್ಕಿಂತ ಮುಂದೆ ಓಡಿದ್ದಾಳೆ. ಕರಾಮಾದವರು ಬೇಡವೆಂದಾರು, ಒಪ್ಪಬೇಡಿ. ಅಮ್ಮ ಅದರಲ್ಲಿ ಚೆನ್ನಾಗಿ ಹಾಡಿಲ್ಲ. ಆದರೆ ಅವಳಿಗೆ ಉಸಿರಿದೆ.

ಏಳನೆಯದು ನನ್ನ ಹತ್ತಿರ ಇರುತ್ತದೆ. ಯಾರಿಗೂ ಕೊಡುವುದಿಲ್ಲ, ಅಳಿಸುವುದೂ ಇಲ್ಲ.

ಬರುವ ಭಾನುವಾರ, ಡಿಸೆಂಬರ್ ಏಳು, ಬೆಳಿಗ್ಗೆ ಹತ್ತಕ್ಕೆ ಅಪ್ಪನೂ ನಾನೂ ನಿಮ್ಮಲ್ಲಿಗೆ ಬರುತ್ತೇವೆ. ಕುರ್ಚಿ ಇಲ್ಲದಿದ್ದರೆ ನೆಲದಲ್ಲಿ ಕೂರುತ್ತೇವೆ. ಅಪ್ಪ ಬೈಯುವವರಲ್ಲ, ಹೆದರಬೇಡಿ. ನಿಮ್ಮನ್ನು ಕೇಳಲು ಅವರ ಹತ್ತಿರ ಒಂದೇ ಪ್ರಶ್ನೆ ಇದೆ. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಪ್ಯಾಟ್ರಿಶಿಯಾಳ ಕೈ ಯಾರು ಹಿಡಿದುಕೊಂಡಿದ್ದರು?

ಅವರು ಕೇಳಿದ್ದು ನಿಮಗೆ ಕೇಳಿಸುವುದಿಲ್ಲ, ನಾನು ಬರೆದು ತೋರಿಸುತ್ತೇನೆ. ಉತ್ತರವನ್ನು ನೀವು ಬರೆಯಬಾರದು. ಅಪ್ಪನ ಮುಖ ನೋಡಿ ಬಾಯಲ್ಲಿ ಹೇಳಬೇಕು.

ಅಪೇಕ್ಷಾ